ಹದಿಮೂರನೆಯ ಚುಕ್ಕೆ

"ಕೊನೇ ಚುಕ್ಕೆ ಹಸಿರಾದ ಮೇಲೆ ಬಟನ್ ಒತ್ತಿಬಿಡಿ. ಅಷ್ಟೇ ಅಮ್ಮ. ಇದರಲ್ಲಿ ತಲೆ ಕೆಡಿಸ್ಕೊಳ್ಳೋ ಅಂಥದ್ದು ಏನೂ ಇಲ್ಲ," ಎಂದಳು ತರಬೇತಿ ಕೊಡುವ ಹುಡುಗಿ.

ಗಣಿಗೆ ಇಳಿಯುವವರ ದೀಪ ನೋಡಿಕೊಳ್ಳುವ ಲ್ಯಾಂಪ್ ರೂಮಿನವಳು ತಲೆಯಾಡಿಸಿದಳು. ಅವಳ ತಲೆ ಕೆಟ್ಟು ಆಗಲೇ ಎರಡು ವಾರವಾಗಿತ್ತು. ಎದುರಿನ ಪರದೆಯ ಮೇಲೆ ಹದಿಮೂರು ಕೆಂಪು ಚುಕ್ಕೆಗಳು, ಬಲಗೈ ಪಕ್ಕದಲ್ಲಿ ಅಂಗೈಯಗಲದ ಬಟನ್ನು. ಅದರ ಮೇಲೆ 'ಎಲ್ಲರೂ ಹೊರಗೆ' ಎಂದು ಬರೆದ ಚೀಟಿ. ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದಷ್ಟೂ ಬೆವರುತ್ತಿತ್ತು.

ಪರೀಕ್ಷೆಗೆ ಕೂತವರು ಹದಿನಾಲ್ಕು ಜನ. ಪರದೆ ನೋಡುವ ಕೆಲಸ ಇದ್ದದ್ದು ಆರು. ಒಬ್ಬರು ಪರದೆಯ ಮುಂದೆ ಕೂತರೆ ಉಳಿದ ಹದಿಮೂರು ಜನ ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಂಡು, ಹಿಂದಿನ ಅಂಗಳದಲ್ಲಿ ಅಭ್ಯಾಸಕ್ಕೆಂದೇ ಕಟ್ಟಿದ ಸುಳ್ಳು ಸುರಂಗದೊಳಗೆ ಹೋಗಬೇಕು. ಸೈರನ್ ಕೂಗಿದ ಕೂಡಲೇ ಓಡಿ ಹೊರಗೆ ಬರಬೇಕು. ಬಾಗಿಲಿನ ಕಂಬ ಬಿಲ್ಲೆಯನ್ನು ಗುರುತು ಹಿಡಿದು ಸದ್ದು ಮಾಡುತ್ತದೆ, ಪರದೆಯ ಮೇಲೆ ಒಂದು ಚುಕ್ಕೆ ಹಸಿರಾಗುತ್ತದೆ. ಎಲ್ಲ ಹಸಿರಾದ ಮೂವತ್ತು ಸೆಕೆಂಡಿನೊಳಗೆ ಬಟನ್ ಒತ್ತಬೇಕು. ನಿಜವಾದ ಗಣಿಯಲ್ಲಾದರೆ ಆ ಬಟನ್ನಿಗೆ ಬೆಂಕಿ ತಡೆಯುವ ಕಬ್ಬಿಣದ ಬಾಗಿಲು ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ. ಆಮೇಲೆ ಒಳಗೆ ನೊಣವೂ ಬದುಕುವುದಿಲ್ಲ.

ಬೆಳಿಗ್ಗೆಯಿಂದ ಹದಿಮೂರು ಜನರ ಸರದಿ ಮುಗಿದಿತ್ತು. ಕೊನೆಯವಳು ಅವಳು.

ಕೆಲಸ ಸಿಗದಿದ್ದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊಸ ಟೋಪಿಗಳು ಬಂದಿದ್ದವು. ದೀಪ, ಬ್ಯಾಟರಿ, ಗುರುತಿನ ಚಿಪ್ ಎಲ್ಲ ಅದರಲ್ಲೇ. ತಿಂಗಳ ಕೊನೆಗೆ ಲ್ಯಾಂಪ್ ರೂಮಿನ ಕಿಟಕಿಗೆ ಹಲಗೆ ಹೊಡೆಯುತ್ತಾರೆ. ಕಂಪನಿಯ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಮನೆಯೂ ಹೋಯಿತು. ಕುಂಟುವ ಗಂಡನನ್ನು, ಅವನ ರಿಪೇರಿ ರೇಡಿಯೋಗಳನ್ನು, ಹತ್ತೊಂಬತ್ತು ವರ್ಷದ ಸಂಸಾರವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಗಂಡ ಮಾತ್ರ ಬೆಳಿಗ್ಗೆಯೂ ನಗಾಡಿದ್ದ. ಎರಡು ವಾರದಿಂದ ಅಡುಗೆಮನೆಯ ಮೇಜಿನ ಮೇಲೆ ಶರ್ಟಿನ ಗುಂಡಿಗಳನ್ನು ಸಾಲಾಗಿ ಇಟ್ಟು ಅವಳಿಗೆ ಪಾಠ ಮಾಡುತ್ತಿದ್ದವನು ಅವನೇ. ಒಂದೊಂದೇ ಗುಂಡಿಯನ್ನು ಮಗುಚುವುದು, ಕೊನೆಯದನ್ನು ಮಗುಚಿದ ತಕ್ಷಣ ಅವಳು ಸಕ್ಕರೆ ಡಬ್ಬಿಯ ಮುಚ್ಚಳ ಒತ್ತುವುದು.

"ನೋಡೇ, ಡಬ್ಬಿ ಮೇಲೆ ಕೈಯಿಟ್ಟು ಕೂತಿರ್ತೀಯ, ಒತ್ತೋದೇ ಇಲ್ಲ. ಸಕ್ಕರೆ ಏನು ಓಡಿಹೋಗುತ್ತಾ?"

"ಗುಂಡಿ ಎಣಿಸ್ತಿದ್ದೆ ರೀ."

"ಪರದೆ ಎಣಿಸುತ್ತೆ ಕಣೇ. ನೀನು ಒತ್ತು, ಸಾಕು."

ಅವಳಿಗೆ ಅದೇ ಆಗದ ಕೆಲಸ. ಲ್ಯಾಂಪ್ ರೂಮಿನಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಪಾಳಿ ಮುಗಿಸಿ ಬಂದವರು ದೀಪವನ್ನು ಕಟ್ಟೆಯ ಮೇಲೆ ಇಟ್ಟು ಹೋಗುವ ಹಾಗಿಲ್ಲ, ಅವಳ ಕೈಗೇ ಕೊಡಬೇಕು. ಕೊಡುವಾಗ ತಮ್ಮ ನಂಬರು ಹೇಳಬೇಕು. ಅವಳು ಮುಖ ನೋಡಿ "ಬಂದ್ರಿ" ಎನ್ನಬೇಕು, ಆಮೇಲೆ ಪುಸ್ತಕದಲ್ಲಿ ಗೀಟು. ಮೈಕೈ ನೋವಿನಲ್ಲಿ ಮನೆಯ ದಾರಿ ಹಿಡಿದವರು ಗೊಣಗುತ್ತಿದ್ದರು. "ಮಹಾರಾಣಿಗೆ ಮುಖ ತೋರಿಸದೆ ಬಿಡುಗಡೆ ಇಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ಆದರೆ ಕೊಡುತ್ತಿದ್ದರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ, ಗಂಡನ ಗೆಳೆಯನೊಬ್ಬ ಎರಡು ದೀಪ ತಂದು ಕಟ್ಟೆಯ ಮೇಲಿಟ್ಟ. "ನಿನ್ನ ಯಜಮಾನಂದೂ ತಗೋ, ಹಿಂದೆ ಬರ್ತಿದಾನೆ" ಎಂದ. ಗಂಡನದೇ ದೀಪವಲ್ಲವೇ ಎಂದು ಅವಳು ಹಿಂದೆಮುಂದೆ ನೋಡದೆ ಗೀಟು ಎಳೆದಳು. ಗಂಡ ಮರೆತ ಸ್ಪ್ಯಾನರ್ ತರಲು, ಮಂಕಾದ ದೀಪವನ್ನು ಗೆಳೆಯನಿಗೆ ಕೊಟ್ಟು, ಕೈಟಾರ್ಚ್ ಹಿಡಿದು ಸುರಂಗದೊಳಕ್ಕೆ ವಾಪಸಾಗಿದ್ದ. ಅಲ್ಲಿ ಮೇಲಿನ ಬಂಡೆ ಜಾರಿ ಕಾಲಿನ ಮೇಲೆ ಬಿತ್ತು. ಪುಸ್ತಕದಲ್ಲಿ ಅವನು ಮೇಲೆ ಬಂದಾಗಿತ್ತು, ಹಾಗಾಗಿ ಯಾರೂ ಹುಡುಕಲಿಲ್ಲ. ಅವಳು ಮನೆಯಲ್ಲಿ ಕೂತು, ಇಸ್ಪೀಟಿಗೆ ಹೋಗಿದ್ದಾನೆಂದು ಅವನಿಗೆ ಹಿಡಿಶಾಪ ಹಾಕುತ್ತಿದ್ದಳು. ರಾತ್ರಿ ಹನ್ನೊಂದು ಗಂಟೆಯ ಮೇಲೆ, ಮುಂದಿನ ಪಾಳಿಯವನೊಬ್ಬನಿಗೆ ಕಲ್ಲಿನಿಂದ ಕಲ್ಲು ಕುಟ್ಟುವ ಸದ್ದು ಕೇಳಿಸಿ, ಅವನು ತೆವಳಿಕೊಂಡು ಹೋಗಿ ಗಂಡನನ್ನು ಬೆನ್ನ ಮೇಲೆ ಹೊತ್ತು ತಂದ.

ಹೊತ್ತು ತಂದವನು ಕಂಬದಣ್ಣ. ಸುರಂಗದ ಮಾಡು ಕುಸಿಯದ ಹಾಗೆ ಮರದ ಕಂಬ ನಿಲ್ಲಿಸುವುದು ಅವನ ಕಸುಬು, ಅದಕ್ಕೇ ಆ ಹೆಸರು. ಈಗ ಅವನೂ ಈ ಹದಿನಾಲ್ಕು ಜನರಲ್ಲಿ ಒಬ್ಬ. ಇನ್ನು ಮೂರು ವರ್ಷ ಕಳೆದರೆ ನಿವೃತ್ತಿ. ಮರದ ಕಂಬದ ಜಾಗಕ್ಕೆ ಉಕ್ಕಿನ ಕಂಬ, ಅದನ್ನು ನಿಲ್ಲಿಸಲು ಯಂತ್ರ ಬಂದು ಅವನ ಕೆಲಸವೂ ಹೋಗುವುದರಲ್ಲಿತ್ತು. ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು ಅವನು ಎಲ್ಲರಿಗಿಂತ ಚುರುಕಾಗಿ ಪರದೆ ಕಲಿತಿದ್ದ. ಬೆಳಿಗ್ಗೆ ಎರಡನೇ ಸರದಿಯಲ್ಲೇ ಕೂತು, ಕೊನೆಯ ಚುಕ್ಕೆ ಹಸಿರಾದ ನಾಲ್ಕನೇ ಸೆಕೆಂಡಿಗೆ ಬಟನ್ ಒತ್ತಿ, ಹೊರಗೆ ಬಂದು ಅವಳಿಗೆ ಹೇಳಿದ್ದ: "ಹೆದರ್ಬೇಡ ತಂಗಿ. ಕಲ್ಲಿಗಿಂತ ಮೆತ್ತಗಿದೆ ಇದು."

ಸೈರನ್ ಕೂಗಿತು.

ಮೊದಲ ಚುಕ್ಕೆ ಹಸಿರಾಯಿತು, ಹಿಂದೆಯೇ ಎರಡು, ಮೂರು. ಆಮೇಲೆ ಸ್ವಲ್ಪ ತಡ. ನಂತರ ಐದಾರು ಚುಕ್ಕೆ ಬೇಗಬೇಗ, ಒಂದರ ಹಿಂದೊಂದು. ಅವಳ ತುಟಿ ತಾನಾಗಿ ಎಣಿಸುತ್ತಿತ್ತು. ಹತ್ತು, ಹನ್ನೊಂದು. ಕೊನೆಯ ಎರಡು ಒಂದೇ ಉಸಿರಿಗೆ, ಜೋಡಿಯಾಗಿ ಹಸಿರಾದವು.

ಪರದೆಯ ಮೂಲೆಯಲ್ಲಿ ಮೂವತ್ತು, ಇಪ್ಪತ್ತೊಂಬತ್ತು ಎಂದು ಅಂಕಿ ಇಳಿಯತೊಡಗಿತು. ಕೈ ಬಟನ್ನಿನ ಮೇಲೆಯೇ ಇತ್ತು. ಒತ್ತಬೇಕು ಅಷ್ಟೇ. ಒತ್ತಿದರೆ ಮನೆ ಉಳಿಯುತ್ತದೆ. ಆದರೆ ಅಂಗಳದ ಸುರಂಗದ ಬಾಗಿಲು ಇರುವುದು ಒಬ್ಬೊಬ್ಬರೇ ಹಾಯುವಷ್ಟು ಅಗಲ. ಇಬ್ಬರು ಅದರಲ್ಲಿ ಜೋಡಿಯಾಗಿ ಹಾಯುವುದು ಹೇಗೆ? ಕಟ್ಟೆಯ ಮೇಲೆ ಜೋಡಿಯಾಗಿ ಬಂದು ಕೂತ ಎರಡು ದೀಪ ಅವಳ ಕಣ್ಣಿಗೆ ಕಟ್ಟಿತು.

"ಅಮ್ಮ, ಹದಿನೆಂಟು ಸೆಕೆಂಡ್ ಇದೆ," ಎಂದಳು ಹಿಂದೆ ನಿಂತ ಹುಡುಗಿ.

ಅವಳು ಎದ್ದುಬಿಟ್ಟಳು.

"ಅಯ್ಯೋ, ಸೀಟ್ ಬಿಟ್ಟು ಏಳಬಾರದು! ಮಾರ್ಕ್ಸ್ ಹೋಗುತ್ತೆ ಅಮ್ಮ!"

ಅವಳು ಆಗಲೇ ಅಂಗಳದಲ್ಲಿದ್ದಳು. ಓಡಿ ಬಂದವರು ಏದುಸಿರು ಬಿಡುತ್ತ, ಬೆಳಿಗ್ಗೆಯಿಂದ ಓಡಿಸಿ ಸುಸ್ತು ಮಾಡಿದ ಕಂಪನಿಯನ್ನು ಬೈಯುತ್ತ ನೆರಳಿನಲ್ಲಿ ನಿಂತಿದ್ದರು. ಅವಳು ಒಂದೊಂದೇ ಮುಖ ನೋಡಿ ಎಣಿಸಿದಳು. ಹನ್ನೆರಡು. ಮತ್ತೆ ಎಣಿಸಿದರೂ ಹನ್ನೆರಡೇ. ಅವರಲ್ಲೊಬ್ಬ, ಗಣಿಯಲ್ಲಿ ಡ್ರಿಲ್ ಹಿಡಿಯುವ ಕುಳ್ಳ; ಅವನ ಮುಷ್ಟಿಯಿಂದ ಬಿಲ್ಲೆಯ ದಾರವೊಂದು ಜೋತಾಡುತ್ತಿತ್ತು. ಅವನದು ಅವನ ಕೊರಳಲ್ಲೇ ಇತ್ತು. ಅವಳ ಕಣ್ಣು ಅಲ್ಲಿ ನೆಟ್ಟಿದ್ದನ್ನು ಕಂಡು ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ.

ಸುರಂಗದೊಳಗೆ ಹತ್ತು ಹೆಜ್ಜೆ ಹೋದ ಮೇಲೆ ಕಂಬದಣ್ಣ ಸಿಕ್ಕಿದ. ಮಗುಚಿದ ಡಬ್ಬದ ಮೇಲೆ ಕೂತು ಎರಡೂ ಮಂಡಿಗಳನ್ನು ತಿಕ್ಕಿಕೊಳ್ಳುತ್ತಿದ್ದ.

"ಅಣ್ಣಾ!"

"ನೀನ್ಯಾಕೆ ಎದ್ದು ಬಂದ್ಯೇ, ಹುಚ್ಚಿ!" ಅವನು ಗಾಬರಿಯಿಂದ ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. "ಮಂಡಿ ಕೈಕೊಡ್ತು. ನನ್ನಿಂದ ನಿನಗೆ ತಡ ಆಗ್ಬಾರದು ಅಂತ ಕುಳ್ಳನ ಕೈಲಿ ಬಿಲ್ಲೆ ಕೊಟ್ಟು ಕಳಿಸ್ದೆ. ಹೋಗು, ಓಡು, ಒತ್ತಿಬಿಡು."

"ನೀವೇ ಹೀಗೆ ಮಾಡೋದಾ ಅಣ್ಣ? ಎಲ್ಲಾ ಗೊತ್ತಿದ್ದೂ?"

"ಅದು ಗಣಿ ಕಣಮ್ಮ. ಇದು ಆಟ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅವನ ತೋಳಿಗೆ ಕೈ ಹಾಕಿ ಎಬ್ಬಿಸಲು ನೋಡಿದಳು. ಗೋಡೆಯ ಮೇಲಿನ, ಎರಡೂ ಕಡೆಯಿಂದ ಮಾತಾಡಬಹುದಾದ ಧ್ವನಿಪೆಟ್ಟಿಗೆ ಗೊರಗುಟ್ಟಿ, ಹುಡುಗಿಯ ದನಿ ಬಂತು. ಮೊದಲಿನ ಸಲಿಗೆ ಅದರಲ್ಲಿರಲಿಲ್ಲ, ಬರೆದಿಟ್ಟದ್ದನ್ನು ಓದುವ ದನಿ.

"ಸಮಯ ಮುಗಿದಿದೆ. ಪರದೆಯವರು ವರದಿ ಕೊಡಿ. ಎಲ್ಲರೂ ಹೊರಗೆ ಬಂದಿದ್ದಾರೆಯೇ? ಹೌದು ಅಥವಾ ಇಲ್ಲ."

ಕಂಬದಣ್ಣ ಅವಳ ಮುಖ ನೋಡಿದ. ಮೊದಲ ದಿನವೇ ಓದಿ ಹೇಳಿ ಎಲ್ಲರಿಂದ ಸಹಿ ಹಾಕಿಸಿಕೊಂಡ ಕಾಗದ ಇಬ್ಬರಿಗೂ ನೆನಪಿತ್ತು. ತನ್ನ ಬಿಲ್ಲೆ ಇನ್ನೊಬ್ಬರಿಗೆ ಕೊಟ್ಟವನೂ, ಹಿಡಿದವನೂ ತರಬೇತಿಯಿಂದ ಹೊರಗೆ.

"ಹೌದು ಅನ್ನು," ಎಂದ ಅವನು ಮೆಲ್ಲಗೆ. "ಒಂದು ನಿಮಿಷ ಕೊಡು, ಗೋಡೆ ಹಿಡ್ಕೊಂಡು ಬಂದ್ಬಿಡ್ತೀನಿ. ಮೂರು ವರ್ಷ, ತಂಗಿ. ಮೂರೇ ವರ್ಷ."

ಈ ಬೆನ್ನು. ಈ ಬೆನ್ನ ಮೇಲೆಯೇ ಅವಳ ಗಂಡ ಬೆಳಕಿಗೆ ಬಂದದ್ದು. 'ಹೌದು' ಎಂದರೆ ಅವನಿಗೆ ಕೆಲಸ ಉಳಿಯುತ್ತದೆ, ತನಗೆ ಹೋಗುತ್ತದೆ. 'ಇಲ್ಲ' ಎಂದರೆ ಸೀಟು ಬಿಟ್ಟು ಎದ್ದದ್ದಕ್ಕೆ ಕಾರಣ ಸಿಕ್ಕಿ ತಾನು ಉಳಿಯಲೂಬಹುದು. ಧ್ವನಿಪೆಟ್ಟಿಗೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿತು.

"ಇಲ್ಲ," ಎಂದಳು. ಮತ್ತೆ ಜೋರಾಗಿ ಹೇಳಿದಳು. "ಇಲ್ಲ. ಹನ್ನೆರಡು ಜನ ಬಂದಿದಾರೆ. ಒಬ್ಬರು ಒಳಗಿದಾರೆ."

ಕಂಬದಣ್ಣ ಅವಳು ಚಾಚಿದ ಕೈಯನ್ನು ಹಿಡಿಯದೆ, ಗೋಡೆಗೆ ಕೈಕೊಟ್ಟು ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಬಿಸಿಲಿಗೆ ನಡೆದ. ಅವನು ಹಾದುಹೋದಾಗ ಬಾಗಿಲಿನ ಕಂಬ ಸದ್ದು ಮಾಡಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ನಗಾಡದೆ ಮೇಜಿನ ಮೇಲಿದ್ದ ಗುಂಡಿಗಳನ್ನು ಒಂದೊಂದಾಗಿ ಹೊಲಿಗೆ ಡಬ್ಬಿಗೆ ಹಾಕಿದ.

"ನಾನು ಇಲ್ಲ ಅಂದಿದ್ದು ಗಣಿಗಾಗೋ, ಈ ಮನೆಗಾಗೋ, ನನಗೇ ಗೊತ್ತಾಗ್ತಿಲ್ಲ ರೀ," ಎಂದಳು ಅವಳು.

"ನನಗೂ ಗೊತ್ತಾಗ್ತಿಲ್ಲ ಕಣೇ," ಎಂದ ಅವನು.

ಮರುದಿನ ಮಧ್ಯಾಹ್ನ ಕಚೇರಿಯ ಹಲಗೆಗೆ ಪಟ್ಟಿ ಬಿತ್ತು. ಅಚ್ಚಾದ ಆರು ಹೆಸರು. ಎರಡನೆಯದಾದ ಕಂಬದಣ್ಣನ ಹೆಸರಿನ ಮೇಲೆ ಕೆಂಪು ಗೀಟು. ಎಲ್ಲಕ್ಕಿಂತ ಕೆಳಗೆ, ಪೆನ್ನಿನಲ್ಲಿ ಬರೆದು ಮೊಹರು ಒತ್ತಿದ ಅವಳ ಹೆಸರು. ಯಾರೋ ಹಿಂದಿನಿಂದ "ಗೆದ್ಲು ಮಹಾರಾಣಿ" ಎಂದರು. ಅದು ಚೇಷ್ಟೆಯೋ ಚುಚ್ಚುಮಾತೋ ಎಂದು ತಿರುಗಿ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ. ಮನೆ ಉಳಿಯಿತು ಎಂಬ ನೆಮ್ಮದಿಗೆ ಮೈ ಹಗುರಾಯಿತು. ಹಗುರಾದದ್ದಕ್ಕೇ ನಾಚಿಕೆಯೂ ಆಯಿತು.

ನಾಲ್ಕು ಗಂಟೆಗೆ ಪಾಳಿ ಬಿಟ್ಟಿತು. ಲ್ಯಾಂಪ್ ರೂಮಿನ ಕಿಟಕಿಯ ಮುಂದೆ ಎಂದಿನಂತೆ ಸಾಲು ನಿಂತಿತು. ನಂಬರು, ಮುಖ, "ಬಂದ್ರಿ", ಗೀಟು. ಸಾಲು ಕರಗುತ್ತ ಬಂದ ಹಾಗೆ ಅವಳು ದೀಪಗಳನ್ನು ಒಂದೊಂದಾಗಿ ಕೊಕ್ಕೆಗೆ ತೂಗುಹಾಕಿದಳು. ಗೋಡೆಯಲ್ಲಿ ಒಂದು ಕೊಕ್ಕೆ ಇನ್ನೂ ಖಾಲಿ ಇತ್ತು.

ಕಂಬದಣ್ಣ ಎಲ್ಲರಿಗಿಂತ ಕೊನೆಗೆ, ಕುಂಟುತ್ತ ಬಂದ. ಕಟ್ಟೆಯ ಮೇಲೆ ಇಟ್ಟು ಹೋಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಇವತ್ತೊಂದು ದಿನ ಹಾಗೆ ಇಟ್ಟು ಹೋದರೂ ತಗೊಳ್ಳುತ್ತೇನೆ. ಅವನು ಬೆಲ್ಟಿನಿಂದ ಬ್ಯಾಟರಿ ಬಿಚ್ಚಿದ, ಟೋಪಿಯಿಂದ ದೀಪ ತೆಗೆದ, ವೈರನ್ನು ಅಚ್ಚುಕಟ್ಟಾಗಿ ಸುತ್ತಿದ. ಕಿಟಕಿಯೊಳಗೆ ಕೈ ಚಾಚಿದ.

"ನೂರಾ ನಲವತ್ತೇಳು."

ಅವಳು ದೀಪ ಹಿಡಿದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ತಲೆ ತಗ್ಗಿಸಿ ಪುಸ್ತಕದ ಕಡೆ ತಿರುಗಲು ನೋಡಿದಳು. ದೀಪ ಬರಲಿಲ್ಲ. ಅದರ ಇನ್ನೊಂದು ತುದಿಯನ್ನು ಅವನು ಬಿಟ್ಟಿರಲಿಲ್ಲ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಕಲ್ಲಿನ ಪುಡಿ ಮೆತ್ತಿದ ಆ ಮುಖದಲ್ಲಿ ಸಿಟ್ಟಿತ್ತೋ ಇಲ್ಲವೋ ಹೇಳುವುದು ಕಷ್ಟವಿತ್ತು. ಅವನು ಸುಮ್ಮನೆ ಕಾಯುತ್ತಿದ್ದ.

"ಬಂದ್ರಿ," ಎಂದಳು.

ಆಗ ಅವನು ಕೈ ಬಿಟ್ಟ.