ಕೆಂಪು ಗೀಟೆಳೆದ ಹಕ್ಕಿ

ಊರಾಚೆಯ ಕೆರೆಯ ಜೊಂಡಿನಲ್ಲಿ ಬಲೆ ಕಟ್ಟಿ, ಬಿದ್ದ ಹಕ್ಕಿಯ ಕಾಲಿಗೆ ನಂಬರಿನ ಉಂಗುರ ತೊಡಿಸಿ, ತೂಗಿ, ಬರೆದಿಟ್ಟು ಹಾರಿಬಿಡುವುದು ಟೈಲರಮ್ಮನ ಹದಿನೈದು ಬೇಸಿಗೆಗಳ ಹುಚ್ಚು. ಬರೆಯುವುದಕ್ಕೆ ಜೊತೆಗೆ ನಾದಿನಿ.

ಹನ್ನೆರಡು ವರ್ಷದ ಹಿಂದೆ ಟೈಲರಮ್ಮನೇ ಉಂಗುರ ತೊಡಿಸಿದ್ದ ಒಂದು ಜೊಂಡುಹಕ್ಕಿ ಹೋದ ವರ್ಷ ಮತ್ತೆ ಬಲೆಗೆ ಬಿತ್ತು. ಕುಣಿಯುವಷ್ಟು ಖುಷಿಯಿಂದ ಬರೆದು ಪುಸ್ತಕ ಕಳಿಸಿದರೆ, ಹಕ್ಕಿಗಳ ಲೆಕ್ಕ ಇಡುವ ಕಚೇರಿಯ ಮೇಲ್ವಿಚಾರಕ ಆ ಸಾಲಿಗೆ ಕೆಂಪು ಗೀಟೆಳೆದು ಹಿಂದಿರುಗಿಸಿದ. ದಾರದ ಉಂಡೆಯಷ್ಟೂ ತೂಗದ ಹಕ್ಕಿ ಅಷ್ಟು ವರ್ಷ ಬದುಕುವುದಿಲ್ಲವಂತೆ. ವಯಸ್ಸಾದ ಹೆಂಗಸು, ನಂಬರು ತಪ್ಪಾಗಿ ಓದಿದ್ದಾಳಂತೆ. ಈ ಬೇಸಿಗೆ ತಾನೇ ಬಂದು ನೋಡಿ, ಅವಳ ಪರವಾನಗಿ ಉಳಿಸುವುದೋ ಕಿತ್ತುಕೊಳ್ಳುವುದೋ ತೀರ್ಮಾನಿಸುತ್ತಾನಂತೆ.

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳಿಗೆ ಈ ಮಾತೇ?

ಅವನು ಬಂದ ದಿನ ಬೆಳಗ್ಗೆಯಿಂದ ಆರು ಸಲ ಬಲೆ ನೋಡಿದರೂ ಆ ಹಕ್ಕಿಯ ಸುಳಿವಿಲ್ಲ. ಬಿಸಿಲು ಏರುತ್ತಿತ್ತು.

"ಸಾಕಮ್ಮ, ಬಲೆ ಬಿಚ್ಚಿ. ಮೊಮ್ಮಕ್ಕಳನ್ನ ಆಡಿಸ್ಕೊಂಡು ಆರಾಮಾಗಿ ಇರಿ."

"ಅವರ ಪಾಡಿಗೆ ಅವರು ಆಡ್ಕೋತಾರೆ ಸಾರ್. ಇನ್ನೊಂದು ಸಲ ನೋಡದೆ ನಾನು ಬಿಚ್ಚಲ್ಲ."

ಏಳನೆಯ ಸಲ ಬಲೆಯ ಮೂಲೆಯಲ್ಲಿ ಸವೆದ ಉಂಗುರವೊಂದು ಮಿಂಚಿತು. ಟೈಲರಮ್ಮ ಹಕ್ಕಿಯನ್ನು ಬಿಡಿಸಿದಳು, ಓದಲಿಲ್ಲ. ನೇರ ಅವನ ಕೈಗೇ ಕೊಟ್ಟಳು.

"ನೀವೇ ಓದಿ. ನಿಮ್ಮವು ಎಳೇ ಕಣ್ಣು."

ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದು ತಿರುಗಿ ಹೇಳಬೇಕು, ಓದಿದವರು ಸಹಿ ಹಾಕಬೇಕು. ಇದು ಅವನ ಕಚೇರಿಯೇ ಮಾಡಿದ ಪದ್ಧತಿ. ಅವನು ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಓದಿದ, ನಾದಿನಿ ಬರೆದುಕೊಂಡಳು. ಕೊನೆಯ ಅಂಕಿಗೆ ಬರುವಷ್ಟರಲ್ಲಿ ಅವನ ದನಿ ಇಳಿಯಿತು, ಬೆರಳೂ ಸಡಿಲವಾಯಿತು. ಹಕ್ಕಿ ಪುರ್ರನೆ ಹಾರಿ ಜೊಂಡು ಸೇರಿತು. ಹೊಸಬರು ಮೊದಲ ದಿನ ಮಾಡುವ ತಪ್ಪು ಅದು.

"ಅಯ್ಯೋ, ತೂಕ ನೋಡ್ಲಿಲ್ಲ, ರೆಕ್ಕೆ ಅಳೀಲಿಲ್ಲ. ಇದನ್ನ ಲೆಕ್ಕಕ್ಕೆ ಸೇರಿಸೋಕಾಗಲ್ಲ."

"ನಂಬರು ಓದಿದ್ದು ಯಾರು ಸಾರ್?"

ನಾದಿನಿ ತಾನು ಬರೆದದ್ದನ್ನು ತಿರುಗಿ ಓದಿದಳು, ಬೇಕೆಂದೇ ನಿಧಾನವಾಗಿ. ಹೋದ ವರ್ಷದ ಅದೇ ನಂಬರು. ಆ ಹಕ್ಕಿ ಉಂಗುರ ತೊಟ್ಟು ಈಗ ಹನ್ನೆರಡು ವರ್ಷ.

"ಸರೀನಾ?"

"ಸರಿ," ಎಂದು ಗೊಣಗಿ ಸಹಿ ಹಾಕಿದ. ಪುಸ್ತಕ ಮುಚ್ಚಲು ಹೋದ. ಟೈಲರಮ್ಮ ಅದನ್ನು ತನ್ನತ್ತ ಎಳೆದುಕೊಂಡು, ಹಳೆಯ ಪುಟ ತೆರೆದು, ಕೆಂಪು ಗೀಟಿನ ಪಕ್ಕ ಬೆರಳಿಟ್ಟಳು.

"ಇಲ್ಲೂ ಬರೀರಿ, ಗೀಟು ಹಾಕಿದ್ದು ನಂದೇ ತಪ್ಪು ಅಂತ. ಗಟ್ಟಿಯಾಗಿ ಓದಿ ಹೇಳಿ. ಪದ್ಧತಿ ನಿಮ್ಮದೇ ಅಲ್ವಾ?"