ಪ್ರಾಣವಾಯುವಿನ ಸೀಸೆ

ಮಾನ್ಯ ವಾಚಕ ಮಹಾಶಯರೇ, ಈ ಕೆಳಗೆ ನಿವೇದಿಸಲಾಗುವ ವೃತ್ತಾಂತದಲ್ಲಿ ನಾಯಕನಿಲ್ಲ. ಅಪರಾಧಿಯೊಬ್ಬನಿದ್ದಾನೆ, ಅವನೇ ನಿಮ್ಮ ಲೇಖಕ. ಊರೂರು ಅಲೆಯುತ್ತ, ಬಸ್ ನಿಲ್ದಾಣಗಳಲ್ಲಿ ತೂಕಕ್ಕೆ ಮಾರುವ ಹರಕು ಕಾದಂಬರಿಗಳಿಂದ ವಿದ್ಯೆ ಸಂಪಾದಿಸಿದವನು ನಾನು.

ಎರಡು ವರ್ಷಗಳ ಬಳಿಕ ಅಕ್ಕನ ಮನೆಗೆ ಬಂದಾಗ ಭಾವ ಕಿಟಕಿಯ ಬಳಿ ಕುರ್ಚಿ ಹಿಡಿದಿದ್ದರು. ಮೂವತ್ತು ವರ್ಷ ಕಲ್ಲು ಕೆತ್ತಿದವರ ಎದೆಯಲ್ಲಿ ಆ ಕಲ್ಲಿನ ಧೂಳೇ ಮನೆ ಮಾಡಿತ್ತು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಎರಡು ಸಲ ಗೋಡೆಗೆ ಒರಗುತ್ತಿದ್ದರು.

"ಭಾವ, ನಿಮಗೆ ಮನೇಲೇ ಆಕ್ಸಿಜನ್ ಮಾಡಿಕೊಡ್ತೀನಿ," ಎಂದೆ.

"ನೀನು ಹಾಲು ಕಾಯಿಸಿದ್ರೇ ಸೀದುಹೋಗುತ್ತೆ ಕಣಯ್ಯಾ," ಎಂದರು ಭಾವ. ಆದರೂ ತಮ್ಮ ಹಳೆಯ ಸ್ಕೂಟರಿನ ಬ್ಯಾಟರಿ ಬಿಚ್ಚಿಕೊಳ್ಳಲು ಅನುಮತಿ ಕೊಟ್ಟರು.

ನಾನೋದಿದ್ದ ಒಂದು ಕಾದಂಬರಿಯಲ್ಲಿ, ಮುಳುಗಿದ ಹಡಗಿನೊಳಗೆ ಸಿಕ್ಕಿಬಿದ್ದ ನಾಯಕನು ಸಮುದ್ರದ ನೀರಿಗೆ ವಿದ್ಯುತ್ತು ಹಾಯಿಸಿ ಉಸಿರು ಪಡೆಯುತ್ತಾನೆ. ನನ್ನ ವಿಜ್ಞಾನ ಅಷ್ಟೇ. ಹತ್ತಿರದಲ್ಲಿ ಸಮುದ್ರವಿರಲಿಲ್ಲವಾಗಿ ಬಕೆಟ್ಟಿನ ನೀರಿಗೆ ಅಡಿಗೆ ಉಪ್ಪನ್ನು ಎರಡು ಹಿಡಿ ಸುರಿದೆ. ಸತ್ತ ಟಾರ್ಚ್ ಸೆಲ್ಲುಗಳನ್ನು ಒಡೆದು ತೆಗೆದ ಎರಡು ಕರಿ ಕಡ್ಡಿಗಳಿಗೆ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿ, ಬಕೆಟ್ಟಿಗೆ ಇಳಿಸಿ, ಒಂದೊಂದರ ಮೇಲೂ ನೀರು ತುಂಬಿದ ಸೀಸೆಯನ್ನು ಬೋರಲು ಹಾಕಿದೆ.

ಗುಳ್ಳೆಗಳೆದ್ದವು. ಬೇಗ ತುಂಬಿದ ಸೀಸೆಯ ಬಾಯಿಗೆ ಬೆಂಕಿಕಡ್ಡಿ ಗೀರಿ ಹಿಡಿದಾಗ ಒಳಗಿನ ಜಲಜನಕ 'ಟಪ್' ಎಂದಿತು. ಭಾವ ಚಪ್ಪಾಳೆ ತಟ್ಟಿದರು. ಇನ್ನೊಂದು ನಿಧಾನವಾಗಿ ತುಂಬಿತು. ಜಲಜನಕದ ಅರ್ಧದಷ್ಟೇ ಪ್ರಾಣವಾಯು ಎಂದು ಎಲ್ಲೋ ಓದಿದ್ದೆನಾಗಿ, ಪುಸ್ತಕ ನಿಜವಾಯಿತೆಂದು ಹಿಗ್ಗಿದೆ. ಆ ಎರಡನೆಯ ಸೀಸೆಯನ್ನು ಪರೀಕ್ಷಿಸಲಿಲ್ಲ; ಭಾವನ ಪಾಲು ವ್ಯರ್ಥವಾಗದಿರಲಿ ಎಂಬ ಔದಾರ್ಯ!

ಅಕ್ಕ ಮೂಗು ಅರಳಿಸಿದಳು. "ಬ್ಲೀಚಿಂಗ್ ಪುಡಿ ವಾಸನೆ ಬರ್ತಿದೆಯಲ್ಲೋ?"

"ಶುದ್ಧವಾದದ್ದು ಹಾಗೇ ಇರುತ್ತಕ್ಕಾ. ಒಲೆ ಮುಂದೆ ಕೂತೋರಿಗೆ ಅದೆಲ್ಲ ಗೊತ್ತಾಗಲ್ಲ."

ಹೀಗೆಂದವನು ನಾನೇ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಸೀಸೆಯ ಬಾಯಿಂದ ಬೆರಳು ಸರಿಸಿ ಭಾವನ ಮೂಗಿಗೆ ಹಿಡಿದೆ. "ಜೋರಾಗಿ ಎಳ್ಕೊಳ್ಳಿ." ನನ್ನನ್ನು ನಂಬಿ ಅವರು ಎಳೆದುಕೊಂಡರು.

ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಕಣ್ಣು ಕೆಂಪಾಗಿ, ತುಟಿ ನೀಲಿಗಟ್ಟಿ, ಅವರು ಕುರ್ಚಿಯಿಂದ ಜಾರಿದರು. ಉಪ್ಪುನೀರಿನಿಂದ ಅಂಥ ಕಡ್ಡಿಯ ಮೇಲೆ ಬರುವುದು ಪ್ರಾಣವಾಯುವಲ್ಲ, ಕ್ಲೋರಿನ್ ಎಂಬ ವಿಷ. ಇದು ನನಗೆ ಗೊತ್ತಾದದ್ದು ಆಮೇಲೆ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಪ್ರಾಣವಾಯುವಿನ ಮುಖವಾಡ ಹಾಕಿ, ಸೂಜಿ ಚುಚ್ಚಿ, ಒಂದು ಗಂಟೆಯ ಬಳಿಕ ಡಾಕ್ಟರು ಕೇಳಿದರು: "ಏನಾಯ್ತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಮುಖವಾಡ ಸರಿಸಿ, "ಬಚ್ಚಲು ತೊಳೀತಿದ್ದೆ ಡಾಕ್ಟ್ರೇ... ಬ್ಲೀಚಿಂಗ್ ಪುಡಿ ಹೆಚ್ಚಾಯ್ತು," ಎಂದರು.

ಡಾಕ್ಟರು ಅಕ್ಕನ ಕಡೆ ತಿರುಗಿದರು. "ಏನಮ್ಮಾ, ಇಂಥ ಎದೆ ಇರೋ ಗಂಡನ ಕೈಲಿ ಬಚ್ಚಲು ತೊಳೆಸ್ತೀರಾ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?"

ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ಬಲಕ್ಕೆ, ಒಂದು ಮೊಳ ದೂರದಲ್ಲಿ ನಾನು ನಿಂತಿದ್ದೆ. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಮೂರನೆಯ ದಿನ ಭಾವ ಮನೆಗೆ ಬಂದರು. "ವಿಜ್ಞಾನಿಗಳೇ, ಇನ್ನೊಂದು ಸೀಸೆ ಇದೆಯೋ?" ಎಂದು ನಗಲು ಹೋಗಿ ಕೆಮ್ಮಿದರು. ಅಕ್ಕ ಬಕೆಟ್ಟನ್ನು ಮೂರು ಸಲ ತಿಕ್ಕಿ ತೊಳೆದು ಬೋರಲು ಹಾಕಿದಳು.

"ಭಾವನ್ನ ಬಿಡು, ಅವರು ಹಂಗೇನೇ," ಎಂದಳು, ನನ್ನ ಮುಖ ನೋಡದೆ. "ನಿನಗೆ ಬಾಯಿರಲಿಲ್ವೇನೋ?"

ಬ್ಯಾಟರಿಯನ್ನು ಸ್ಕೂಟರಿಗೆ ಮರಳಿ ಬಿಗಿದೆ. ಎರಡು ಅಂಗಿ, ಒಂದು ಪಂಚೆ, ಕಾದಂಬರಿಗಳ ಕಟ್ಟು ಚೀಲ ಸೇರಿದವು. "ಊಟ ಮಾಡ್ಕೊಂಡು ಹೋಗೋ," ಎಂದು ಭಾವ ಒಳಗಿನಿಂದ ಕೂಗಿದರು, ನಾನು ಮೆಟ್ಟಿಲಿಳಿದಾಗಿತ್ತು.

ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಆ ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ತಿರುವಿನಿಂದಲೇ ಕಂಡೆ, ಡಾಕ್ಟರು ಬಾಗಿಲಲ್ಲೇ ನಿಂತಿದ್ದರು; ಒಂದು ಮಾತು ಹೇಳಿ ಹೋಗಬಹುದಿತ್ತು. ಚೀಲವನ್ನು ಹೆಗಲಿಗೇರಿಸಿ, ನಾನು ಸುತ್ತಿನ ದಾರಿ ಹಿಡಿದೆ.