ಹಾರದ ಹನ್ನೊಂದು ಬಾತುಗಳು

ನನ್ನ ಒಂದು ಸಹಿಯಿಂದ ಹನ್ನೊಂದು ಜೀವಗಳು ಗೋಣಿಚೀಲ ಸೇರುವುದರಲ್ಲಿದ್ದವು. ಮೂವತ್ತೊಂದು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನ, ‘ನೋಡದೆ ಬರೆಯಬೇಡಿ’ ಎಂದು ಪ್ರತಿ ತರಗತಿಯಲ್ಲೂ ಗದರಿಸಿದವನ ಸಹಿ ಅದು.

ನೀರು ಶುದ್ಧೀಕರಣ ಘಟಕದ ಹೂಳು ತುಂಬಿದ ಕೊಳವನ್ನು ಬರಿದುಮಾಡಬೇಕಿತ್ತು. ಅಲ್ಲಿಯ ಎಂಜಿನಿಯರ್ ನನ್ನ ತಂಗಿಯ ಗಂಡ. ಕೊಳದಲ್ಲಿರುವವು ಕಾಡುಹಕ್ಕಿಗಳಾದರೆ ಅವು ತಾವಾಗಿ ಹೋಗುವವರೆಗೆ ಪಂಪು ಹಾಕುವಂತಿಲ್ಲ; ಸಾಕಿದವಾದರೆ ಹಿಡಿದು ಬೇಕಾದವರಿಗೆ ಕೊಟ್ಟುಬಿಡಬಹುದು ಎಂಬುದು ನಿಯಮ. ಯಾವುದೆಂದು ತಿಳಿದವರೊಬ್ಬರು ಬರೆದುಕೊಡಬೇಕು. ಆ ತಿಳಿದವನು ನಾನಂತೆ.

“ಐದು ನಿಮಿಷದ ಕೆಲಸ, ಭಾವ. ಒಂದು ಸಹಿ ಹಾಕಿ ಊಟಕ್ಕೆ ಮನೆಗೆ ಬಂದ್ಬಿಡಿ,” ಎಂದಿದ್ದರು.

ಉತ್ತರಪತ್ರಿಕೆಗಳನ್ನು ತಿದ್ದುವ ವಾರವದು. ಕಣ್ಣುಗಳು ಉರಿಯುತ್ತಿದ್ದವು, ಹೆಗಲು ಬಿದ್ದುಹೋಗಿತ್ತು. ಕಟ್ಟೆಯ ಮೇಲೆ ನಿಂತು ನೋಡಿದೆ. ಪಾರಿವಾಳಕ್ಕಿಂತ ತುಸು ದೊಡ್ಡ, ಕಂದುಚುಕ್ಕೆಯ ಬಾತುಗಳು. ತಲೆ ನೀರಿನೊಳಗೆ, ಬಾಲ ಆಕಾಶಕ್ಕೆ. ಪೂರ್ತಿ ಮುಳುಗದೆ ಕೆಸರಿನಿಂದ ಏನನ್ನೋ ಜಾಲಾಡಿ ತಿನ್ನುತ್ತಿದ್ದವು. ಗಂಡಿನ ಬಣ್ಣ ಒಂದಕ್ಕೂ ಇರಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದೆ. ಹಾರಲಿಲ್ಲ; ನೀರು ಬಡಿಯುತ್ತ ಜೊಂಡಿನೊಳಗೆ ನುಗ್ಗಿದವು. ಕಲ್ಲೆಸೆದೆ. ಆಗಲೂ ಹಾರಲಿಲ್ಲ. ಕಾಡುಬಾತು ಹಾರುತ್ತದೆ, ಸಾಕಿದ ಬಾತು ಹಾರುವುದಿಲ್ಲ: ನಾನೇ ಬರೆಸಿದ ಟಿಪ್ಪಣಿ.

ಪಂಪು ನಡೆಸುವ ಹೆಂಗಸು ಕಟ್ಟೆಯ ಪಕ್ಕದ ಪಂಪುಮನೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಪಂಪಕ್ಕ ಎನ್ನುತ್ತಾರೆ.

“ಸಾಕಿದ್ದಲ್ಲ ಮೇಷ್ಟ್ರೇ. ಚಳಿ ಮುಗಿಯೋ ಹೊತ್ತಿಗೆ ಹಾರ್ಕೊಂಡೇ ಬಂದವು. ಆಗ ಇವುಗಳ ತಲೆ ಕೆಂಚಗಿತ್ತು, ಕಣ್ಣಿನ ಹತ್ರ ಹಸಿರು ಪಟ್ಟಿ ಇತ್ತು.”

“ಅವು ಬೇರೆ ಇರಬೇಕಮ್ಮ. ಇವೆಲ್ಲ ಹೆಣ್ಣು.”

“ಇವು ಸಿಳ್ಳೆ ಹಾಕ್ತವೆ. ಹೆಣ್ಣು ಬಾತು ‘ಕ್ವಾಕ್’ ಅನ್ನುತ್ತೆ, ಅದನ್ನೂ ಕೇಳಿದ್ದೀನಿ. ಒಂದು ಗಳಿಗೆ ಸುಮ್ನೆ ಕೂತ್ಕೊಳ್ಳಿ, ನಿಮಗೇ ಕೇಳ್ಸುತ್ತೆ.”

ನಾನು ಕುಳಿತುಕೊಳ್ಳಲಿಲ್ಲ. ‘ಸಾಕಿದ ಬಾತುಗಳು’ ಎಂದು ಬರೆದು ಸಹಿ ಹಾಕಿದೆ. ತಂಗಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ. ಅಜ್ಞಾನ ಅಪರಾಧವಲ್ಲ, ತಿಳಿದವರು ಎದುರಿಗೆ ನಿಂತು ಹೇಳುತ್ತಿರುವಾಗ ಕಿವಿ ಮುಚ್ಚಿಕೊಳ್ಳುವುದು ಅಪರಾಧ.

ಮರುದಿನ ಸಂಜೆ ಪಂಪಕ್ಕ ಶಾಲೆಗೇ ಬಂದು, ಊಟದ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು.

“ತಿಂಡಿ ಅಲ್ಲ, ಆಸೆ ಪಡಬೇಡಿ,” ಎಂದಳು.

ಒಳಗೆ ರೆಕ್ಕೆಯ ಗರಿಗಳು, ಒಂದು ಹಿಡಿಯಷ್ಟು. ಕೆಲವಕ್ಕೆ ಕಡುಹಸಿರಿನ ಮಿಂಚು.

“ಜೊಂಡಿನ ಬುಡದಲ್ಲಿ ರಾಶಿ ಬಿದ್ದಿವೆ. ರೆಕ್ಕೆ ಉದುರಿದ ಮೇಲೆ ಏನು ಹಾರ್ತವೆ? ಹೋದ ವರ್ಷಾನೂ ಹೀಗೇ ಆಗಿತ್ತು. ಹೊಸ ಗರಿ ಬಂದ್ಮೇಲೆ ಹೊರಟುಹೋದವು. ಮೂರು ವಾರ ಮೇಲಿನ ನೀರಷ್ಟೇ ಎಳೆದ್ರೂ ಕೆಲಸ ನಡೆಯುತ್ತೆ. ನಾಡಿದ್ದು ಚೀಲ ತರ್ತಾರಂತೆ ಮೇಷ್ಟ್ರೇ.”

ಅವಳು ಹೋದ ಮೇಲೆ ಕಪಾಟಿನಿಂದ ಹಳೆಯ ಪಕ್ಷಿಪುಸ್ತಕವನ್ನು ತೆಗೆದೆ. ಎಲ್ಲವೂ ಅಲ್ಲಿತ್ತು: ಕೆಂಚು ತಲೆ, ಹಸಿರು ಪಟ್ಟಿ, ಸಿಳ್ಳೆ. ಕಿರುಬಾತಿನ ಗಂಡು ಸಂತಾನದ ಕಾಲ ಮುಗಿದ ಮೇಲೆ ಬಣ್ಣ ಕಳಚಿ ಹೆಣ್ಣಿನಂತೆಯೇ ಕಾಣುತ್ತದೆ. ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಮೂರು ನಾಲ್ಕು ವಾರ ಹಾರಲಾಗದೆ ಜೊಂಡಿನಲ್ಲಿ ಅಡಗಿರುತ್ತದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನನ್ನದೇ ಅಕ್ಷರ: ‘ಪರೀಕ್ಷೆಗೆ ಬರುವುದಿಲ್ಲ.’

ಎಷ್ಟು ವರ್ಷಗಳ ಮಕ್ಕಳಿಂದ ನಾನು ಆ ಪುಟವನ್ನು ಮುಚ್ಚಿಟ್ಟಿದ್ದೆನೋ! ಹಾಗೆ ಮುಚ್ಚಿಟ್ಟು ಮುಚ್ಚಿಟ್ಟು ಕೊನೆಗೆ ನಾನೇ ಮರೆತಿದ್ದೆ. ಎದ್ದು ಎಂಜಿನಿಯರರ ಕಚೇರಿಗೆ ನಡೆದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತಿತ್ತು. ನಾಚಿಕೆಯೂ ಮೊಣಕಾಲಿನಲ್ಲೇ ಕೂತಿತ್ತೇನೋ.

“ಆ ಕಾಗದ ಕೊಡಿ. ತಪ್ಪು ಬರೆದಿದ್ದೀನಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಭಾವ, ಹೂಳು ಪೈಪಿನ ಬಾಯಿಗೆ ಬಂದಿದೆ. ಜನಕ್ಕೆ ಕೆಂಪು ನೀರು ಹೋದ್ರೆ ಬೈಸಿಕೊಳ್ಳೋನು ನಾನು, ನಿಮ್ಮ ಬಾತು ಅಲ್ಲ.”

“ಮೂರು ವಾರ ಬರೀ ಮೇಲಿನ ನೀರು ತಗೊಳ್ಳಿ. ಆಗುತ್ತೆ ಅಂತ ಪಂಪಕ್ಕ ಹೇಳ್ತಾಳೆ.”

“ಓಹೋ, ಈಗ ಅವಳೇ ಎಂಜಿನಿಯರ್ರಾ?”

“ಪಕ್ಷಿಶಾಸ್ತ್ರಜ್ಞೆ ಅಂತೂ ಹೌದು. ನಾನಲ್ಲ ಅನ್ನೋದು ಗೊತ್ತಾಯ್ತಲ್ಲ.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಬರೆದದ್ದನ್ನ ನೀವೇ ಹೊಡೆದುಹಾಕಿದ್ರೆ ಮುಂದೆ ನಿಮ್ಮ ಮಾತಿಗೆ ಯಾರು ಬೆಲೆ ಕೊಡ್ತಾರೆ?”

“ಹೊಡೆದುಹಾಕದಿದ್ರೆ ನಾನೇ ಕೊಡಲ್ಲ.”

ಅವರು ಕಡತದಿಂದ ಕಾಗದವನ್ನು ತೆಗೆದು ನನ್ನ ಕಡೆಗೆ ತಳ್ಳಿದರು. ಜೇಬಿನಲ್ಲಿದ್ದದ್ದು ತಿದ್ದುವ ಕೆಂಪು ಪೆನ್ನು ಮಾತ್ರ. ‘ಮೇಲೆ ಬರೆದದ್ದು ತಪ್ಪು. ಇವು ಗರಿ ಉದುರಿದ ಕಾಡು ಕಿರುಬಾತುಗಳು, ಎಲ್ಲವೂ ಗಂಡು. ಗುರುತಿಸಿದವರು ಪಂಪು ನಡೆಸುವ ಸಿಬ್ಬಂದಿ. ನಾನು ಸರಿಯಾಗಿ ನೋಡಿರಲಿಲ್ಲ,’ ಎಂದು ಬರೆದೆ. ಆ ರಾತ್ರಿ ತಂಗಿ ಫೋನಿನಲ್ಲಿ, “ಅಣ್ಣ, ಇವರು ಊಟಾನೂ ಮಾಡ್ದೆ ಗುರ್ರ್ ಅಂತಿದ್ದಾರೆ. ಬಾತುಗಳನ್ನ ತಂದು ನಿಮ್ಮ ಮನೇಲೇ ಕಟ್ಟಿಕೊಳ್ಳಿ,” ಎಂದಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮೂವರೂ ಕಟ್ಟೆಯ ಮೇಲಿದ್ದೆವು. ಮೂರು ವಾರದಲ್ಲಿ ಎಂಜಿನಿಯರ್ ನನ್ನೊಡನೆ ಮೂರು ಮಾತು ಆಡಿದ್ದರೆ ಹೆಚ್ಚು. ಪಂಪಕ್ಕ ಚಪ್ಪಾಳೆ ತಟ್ಟಿದಳು. ನೀರಿನ ಮೇಲೆ ಓಡದೆ, ಇದ್ದ ಜಾಗದಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮಿದವು. ರೆಕ್ಕೆಗಳಲ್ಲಿ ಹಸಿರು ಮಿಂಚಿತು. ಒಂದು ಸುತ್ತು ಹಾಕಿ ಛಾವಣಿಗಳ ಆಚೆ ಮರೆಯಾದವು.

“ಮುಗೀತಲ್ಲ,” ಎಂದು ಎಂಜಿನಿಯರ್ ಪಂಪಿನ ಸ್ವಿಚ್ಚಿಗೆ ಕೈ ಚಾಚಿದರು.

ಪಂಪಕ್ಕ ನನ್ನನ್ನು ನೋಡಿದಳು. ಹಾರಿದವು ಒಂಬತ್ತು ಎಂದು ನಾನೂ ಎಣಿಸಿದ್ದೆ. ಜೊಂಡಿನಿಂದ ಸಣ್ಣ ಸಿಳ್ಳೆ ಕೇಳಿಸಿತು. ಮತ್ತೆ ಜಗಳಕ್ಕೆ ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ. ಆದರೂ ಬಾಯಿ ತೆರೆಯಬೇಕಿತ್ತು.

“ಇನ್ನೆರಡು ಇವೆ,” ಎಂದೆ.

ಅವರ ಕೈ ಸ್ವಿಚ್ಚಿನ ಮೇಲೆಯೇ ನಿಂತಿತು. ಆಮೇಲೆ ಅದನ್ನು ಹಿಂದಕ್ಕೆಳೆದುಕೊಂಡು, ಪಂಪುಮನೆಯ ಮೆಟ್ಟಿಲ ಮೇಲೆ ಧೊಪ್ಪನೆ ಕುಳಿತರು.

“ಎಷ್ಟು ದಿನ ಬೇಕು?” ಎಂದರು. ನನ್ನನ್ನಲ್ಲ, ಪಂಪಕ್ಕನನ್ನು.